ಎದುರುಬಾಯಿಯವನ ಒಂದು ಹೂಂ

ನನ್ನ ಹೋಟೆಲಿನ ಮುಂದೆ ಒಂದು ಕಲ್ಲುಬೆಂಚಿದೆ, ನಮ್ಮ ಮಾವನವರ ಕಾಲದ್ದು. ಈ ಊರಲ್ಲಿ ಹುಟ್ಟಿ ಬೆಳೆದ ಯಾರಾದರೂ ಅದರ ಮೇಲೆ ಕೂತು, ಟೀ ಕುಡಿಯುತ್ತ, ದೂರದ ಯಾವುದೋ ವಿಷಯಕ್ಕೆ ಬಾಯಿ ಹಾಕಿ, ಬೆಂಚಿನ ಮೇಲಿರುವವರು ಯಾರೂ ಅದಕ್ಕೆ ಅಡ್ಡ ಹೇಳದೆ ಬಿಟ್ಟರೆ, ಲೋಟ ಕೆಳಗಿಡುವಷ್ಟರಲ್ಲಿ ನಮ್ಮೂರಿನ ಮಟ್ಟಿಗೆ ಅದು ಹಾಗೇ ಆಗಿಬಿಡುತ್ತದೆ. ಯಾಕೆ ಎಂದು ನನ್ನನ್ನು ಕೇಳಬೇಡಿ. ನನಗೆ ಟೀ ಕಾಸುವುದು ಗೊತ್ತು. ಆದರೆ ಮಾತು ಮಾತ್ರ ಹಗುರವಾಗಿರಬೇಕು. ಗಂಡನ ಜ್ವರ ಬಿಡಲಿ ಎಂದು ಆ ಬೆಂಚಿಗೆ ಹಣೆ ಹಚ್ಚಿ ಅತ್ತವರನ್ನು ನಾನು ನೋಡಿದ್ದೇನೆ, ನಾನೂ ಅತ್ತಿದ್ದೇನೆ, ಜ್ವರ ಬಿಡಲಿಲ್ಲ. ಬೇಕು ಎಂದು ಹೇಳಿದ್ದು ಒಂದೂ ಆಗುವುದಿಲ್ಲ. ಬನ್ನು ಜಗಿಯುತ್ತ, ಆಕಳಿಸುತ್ತ, ತನಗೆ ಸಂಬಂಧವೇ ಇಲ್ಲದ್ದರ ಬಗ್ಗೆ ಆಡಿದ್ದು ಮಾತ್ರ ತಪ್ಪದೆ ಆಗುತ್ತದೆ.

ನಮ್ಮ ಜನ ಹರಟುವುದಾದರೂ ಏನನ್ನು? ಎರಡೇ ವಿಷಯ. ಒಂದು, ದೂರದೂರಿನ ದೊಡ್ಡ ಕಂಪನಿಗಳ ಜಗಳ: ಯಾರು ಯಾರ ಮೇಲೆ ಕೇಸು ಹಾಕಿದರು, ಯಾರು ಯಾರದ್ದನ್ನು ಕದ್ದರು, ಯಾವ ಕಂಪನಿಯ ಯಜಮಾನನನ್ನು ಅವನ ಮಂದಿಯೇ ಹೊರಗೆ ಹಾಕಿದರು. ಇನ್ನೊಂದು, 'ನೆರಳಿಲ್ಲದ ರಾಣಿ' ಎಂಬ ಮಾಯಾಲೋಕದ ಕಥೆ. ಭಾಗಭಾಗವಾಗಿ ಬರುತ್ತಿದ್ದ ಆ ದಪ್ಪ ದಪ್ಪ ಪುಸ್ತಕಗಳನ್ನು ಓದದ ಮನೆ ನಮ್ಮಲ್ಲಿ ಇರಲಿಲ್ಲ. ರಾಜ್ಯ ಉಳಿಸಿಕೊಳ್ಳಲು ತನ್ನ ನೆರಳನ್ನೇ ಕತ್ತರಿಸಿ ದೋಣಿಯವನೊಬ್ಬನ ಕೈಗೆ ಕೊಟ್ಟ ರಾಣಿ, ಆ ನೆರಳನ್ನು ದೋಣಿಯಲ್ಲಿ ಮಡಚಿಟ್ಟುಕೊಂಡು ಏಳು ನದಿ ತಿರುಗುವ ದೋಣಿಯವನು, ಹಾರುವ ಮೊಸಳೆಗಳು, ಇನ್ನೂ ಏನೇನೋ. ಒಮ್ಮೆ ಬೆಂಚಿನ ಮೇಲೆ ಯಾರೋ ಒಬ್ಬ, 'ದೋಣಿಯವನಿಗೆ ಆ ಹೆಂಡತಿ ಸರಿಹೋಗಲ್ಲ ಬಿಡು' ಎಂದ. ಮಾರನೆಯ ದಿನ ಊರಿನ ಎಲ್ಲ ಪ್ರತಿಗಳಲ್ಲೂ ದೋಣಿಯವನು ಬ್ರಹ್ಮಚಾರಿ. ಹೊರಗಿನ ಬೀಗರು ಬಂದಾಗ ಕಥೆಯ ಮಾತು ತೆಗೆದರೆ ಜಗಳವೇ ಆಗುತ್ತಿತ್ತು. ಇನ್ನೊಮ್ಮೆ ಎರಡು ನಕ್ಷೆ ಕಂಪನಿಗಳು ಕಿತ್ತಾಡುತ್ತಿದ್ದಾಗ, 'ಆ ಎರಡನೆಯವನ ನಕ್ಷೆ ಬರೀ ಬೊಗಳೆ' ಎಂಬ ಮಾತು ಬಂತು. ಬಹಳ ದಿನ ನಮ್ಮ ಸಂತೆಬೀದಿ ಫೋನಿನಲ್ಲಿ ಕೆರೆಯ ಒಳಗೇ ಇತ್ತು, ಕೊರಿಯರಿನವರು ಬರುವುದನ್ನೇ ಬಿಟ್ಟರು. ಕೊನೆಗೆ ಇನ್ಯಾರೋ ಬೇಜಾರಿಗೆ, 'ಅಷ್ಟೇನೂ ಕೆಟ್ಟದಿರಲಿಲ್ಲಪ್ಪ' ಎಂದ ಮೇಲೆ ಬೀದಿ ನೀರಿನಿಂದ ಮೇಲೆದ್ದಿತು. ಅಂಥದ್ದಕ್ಕೆಲ್ಲ ನಾವು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಉಳ್ಳವರು ಮನೆಯಲ್ಲಿ ಎರಡು ಕಂಪನಿಯ ಫೋನು ಇಟ್ಟುಕೊಂಡಿರುತ್ತಿದ್ದರು, ಇಲ್ಲದವರು ಪಕ್ಕದ ಮನೆಗೆ ಹೋಗುತ್ತಿದ್ದರು.

ಮಾತಾಡದೆ ಇದ್ದರೆ ಆಗದೇ ಎಂದರೆ, ಬಾಯಿಗೆ ಬೀಗ ಹಾಕಿಕೊಂಡು ಟೀ ಕುಡಿಯುವ ಜನ ಈ ಊರಲ್ಲಿ ಇನ್ನೂ ಹುಟ್ಟಿಲ್ಲ. ಅದಕ್ಕೇ ಹಿರಿಯರು ಒಂದು ಉಪಾಯ ಮಾಡಿದ್ದರು. ಬೆಂಚಿನ ತುದಿಯಲ್ಲಿ ಸದಾ ಒಬ್ಬ ಕೂತಿರಬೇಕು. ಯಾರು ಏನೇ ಅಭಿಪ್ರಾಯ ಹೇಳಲಿ, ಅವನು 'ಹಂಗೇನಿಲ್ಲ' ಎನ್ನಬೇಕು. ಅಷ್ಟು ಹೇಳಿದರೆ ಮಾತು ಬಿದ್ದುಹೋಗುತ್ತದೆ, ಊರು ಇದ್ದ ಹಾಗೇ ಇರುತ್ತದೆ. ಅವನಿಗೆ ಎದುರುಬಾಯಿ ಎಂದು ಹೆಸರು. ಮೇಲೆ ಹೇಳಿದ ಎಡವಟ್ಟುಗಳೆಲ್ಲ ಅವನು ಬೆಂಚು ಬಿಟ್ಟೆದ್ದ ಹೊತ್ತಿನವು. ಅವನ ಟೀ ತಿಂಡಿ ನನ್ನ ಹೋಟೆಲಿನದು. ಅವನಿಗಿರುವ ಕಟ್ಟುಪಾಡು ಒಂದೇ: ಬೆಂಚಿನ ಮೇಲಿರುವಷ್ಟು ಹೊತ್ತು ಹೂಂ ಅನ್ನಬಾರದು. ನಮ್ಮ ಕಾಲಕ್ಕೆ ಎದುರುಬಾಯಿಯಾಗಿದ್ದವನು ನನ್ನ ಹಿತ್ತಲಿನ ಆಚೆಮನೆಯ ಇಂದುಧರ.

ಇಂದುಧರನಷ್ಟು ಒಳ್ಳೆಯ ಎದುರುಬಾಯಿಯನ್ನು ಊರು ಕಂಡಿರಲಿಲ್ಲ. 'ಇವತ್ತು ಬಿಸಿಲು ಜಾಸ್ತಿ' ಎಂದರೂ ಹಂಗೇನಿಲ್ಲ, 'ದಾಕ್ಷಾಯಣಕ್ಕನ ಟೀ ಚೆನ್ನಾಗಿದೆ' ಎಂದರೂ ಹಂಗೇನಿಲ್ಲ. ಆ ಎರಡನೆಯದಕ್ಕೆ ನಾನು ಸೌಟು ಎತ್ತಿಕೊಂಡು ಹೋಗಿದ್ದೂ ಉಂಟು. ದಿನವಿಡೀ ಇಲ್ಲ ಇಲ್ಲ ಎಂದು ದಣಿದ ಮನುಷ್ಯ ಸಂಜೆ ಮನೆಗೆ ಹೋದರೆ ಅಲ್ಲಿ ಅವನಿಗೆ ಸಿಗುತ್ತಿದ್ದದ್ದು ಬರೀ ಹೂಂ. ಅದು ಅವನ ಹೆಂಡತಿ ಸರ್ವಮಂಗಳಳದು.

ಮಂಗಳ ನಮ್ಮೂರ ಹುಡುಗಿಯೇ. ಲಂಗ ಹಾಕಿಕೊಂಡು ಓಡಾಡುವ ವಯಸ್ಸಿನಲ್ಲಿ ಬಂದ ಒಂದು ಜ್ವರ ಎರಡು ಕಿವಿಯನ್ನೂ ತೆಗೆದುಕೊಂಡು ಹೋಗಿತ್ತು. ಮಾತು ಉಳಿದಿತ್ತು; ಎದುರಿನವರ ತುಟಿ ನೋಡಿ ಅರ್ಥ ಮಾಡಿಕೊಂಡು, ತುಸು ಜೋರಾಗಿಯೇ ಉತ್ತರ ಕೊಡುತ್ತಿದ್ದಳು. ಇಂದುಧರ ಅವಳನ್ನು ಒಪ್ಪಿ ಮದುವೆಯಾದ. ಆಮೇಲೆ ಎಲ್ಲೆಲ್ಲೋ ತಿರುಗಿ ಮಹಾನಗರದ ಆಸ್ಪತ್ರೆಯೊಂದರಲ್ಲಿ ಅವಳ ತಲೆಯ ಮೂಳೆಯೊಳಗೆ ಒಂದು ಮಿಷನ್ ಕೂರಿಸಿಕೊಂಡು ಬಂದ. ಒಳಗೊಂದು ತುಣುಕು, ಹೊರಗೆ ಕಿವಿಯ ಹಿಂದೆ ಹುಣಿಸೆಬೀಜದ ಬಣ್ಣದ ಇನ್ನೊಂದು ತುಣುಕು. ಅದನ್ನು ಮೊದಲ ಸಲ ಚಾಲೂ ಮಾಡಿದಾಗ ಅವಳು ಗಂಡನ ಮುಖ ನೋಡಿ, "ಇಷ್ಟು ತೆಳ್ಳಗಿದೆಯಾ ನಿಮ್ಮ ದನಿ? ನಾನು ಇನ್ನೂ ದಪ್ಪ ಅಂದ್ಕೊಂಡಿದ್ದೆ," ಎಂದಳಂತೆ. ಆ ಮಾತನ್ನು ಇಂದುಧರ ಬೆಂಚಿನ ಮೇಲೆ ಎಷ್ಟು ಸಲ ಹೇಳಿ ನಕ್ಕಿದ್ದನೋ.

ಕಿವಿ ಇಲ್ಲದಿದ್ದಾಗ 'ನೆರಳಿಲ್ಲದ ರಾಣಿ'ಯ ಭಾಗಗಳನ್ನೆಲ್ಲ ಅವಳು ಕಣ್ಣಲ್ಲೇ ಓದಿದ್ದಳು. ಕಿವಿ ಬಂದ ಮೇಲೆ ಹಟ ಹಿಡಿದಳು: ಇನ್ನು ನಾನು ಓದುವುದಿಲ್ಲ, ನೀವು ಓದಿ, ನಾನು ಕೇಳುತ್ತೇನೆ. ಸರಿ, ದಿನಾ ಸಂಜೆ ಇವನು ಕಿಟಕಿಯ ಬಳಿ ಕೂತು ಮೊದಲಿನಿಂದ ಓದುವುದು, ಅವಳು ಸೊಪ್ಪು ಬಿಡಿಸುತ್ತ ವಾಕ್ಯಕ್ಕೊಂದು ಹೂಂ ಅನ್ನುವುದು. ಆ ಹೂಂ ನನ್ನ ಹಿತ್ತಲಿಗೆ ಕೇಳುತ್ತಿತ್ತು. ಒಲೆಯ ಮುಂದೆ ಕೂತ ನನಗೆ ರಾಣಿಯ ಕಥೆಗಿಂತ ಅದೇ ಹಿತವಾಗಿತ್ತು. ನಾನು ವಿಧವೆ, ಇನ್ನೊಬ್ಬರ ಮನೆಯ ಸುಖ ಕಿಟಕಿಯಿಂದ ಕೇಳಿಸಿಕೊಂಡರೆ ನನಗೆ ನಾಚಿಕೆ ಏನೂ ಆಗುವುದಿಲ್ಲ.

ಕೊನೆಯ ಭಾಗ ಬಂದದ್ದು ಒಂದು ದಿನ ಬೆಳಗಿನ ಬಸ್ಸಿಗೆ. ಹಬ್ಬದ ಹಾಗೆ ಊರೆಲ್ಲ ಅದೇ ಮಾತು. ಇಂದುಧರ ಅವತ್ತೇ ಓದಲು ಕೂತ. ಅಷ್ಟು ವರ್ಷ ದೋಣಿಯಲ್ಲಿ ಹೊತ್ತುಕೊಂಡು ತಿರುಗಿದ ನೆರಳನ್ನು ದೋಣಿಯವನು ಅರಮನೆಯ ನದಿಘಟ್ಟದಲ್ಲಿ ಇಳಿಸಿ, ರಾಣಿಯ ಮುಂದೆ ಹಿಡಿದು ನಿಂತಲ್ಲಿಗೆ ಬಂದಾಗ ಮಂಗಳ ಕೈ ಅಡ್ಡ ಹಿಡಿದಳು. "ಇವತ್ತಿಗೆ ಸಾಕು. ಇಷ್ಟು ಬೇಗ ಮುಗಿಸ್ಬಿಟ್ರೆ ನಾಳೆಗೇನು?" ಅವನು ಬಸ್ ಟಿಕೆಟನ್ನು ಆ ಪುಟಕ್ಕೆ ಸಿಕ್ಕಿಸಿ ಪುಸ್ತಕ ಮುಚ್ಚಿದ. ಕದ್ದು ಮುಂದಿನದನ್ನು ಓದುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟಿದ್ದ.

ಮಾರನೆಯ ಬೆಳಗ್ಗೆ ಬೆಂಚಿಗೆ ಬಂದು ಕೂತವನ ಮೈಯಷ್ಟೇ ಇಲ್ಲಿತ್ತು, ಮನಸ್ಸು ಆ ಘಟ್ಟದ ಮೆಟ್ಟಿಲ ಮೇಲಿತ್ತು. ಪಕ್ಕದಲ್ಲಿ ದಸ್ತಗೀರ್ ಸಾಹೇಬರು, ಗಡಿಯಾರ ರಿಪೇರಿಯವರು. ಆಚೆ ಬದಿಗೆ ಬಸ್‌ಸ್ಟ್ಯಾಂಡಿನ ಫೋನ್ ಅಂಗಡಿಯ ಕೆಂಪರಾಜ.

"ರಾಣಿ ನೆರಳು ವಾಪಸ್ ತಗೊಳ್ತಾಳೆ ಸಾಹೇಬ್ರೆ, ತಗೊಳ್ಳಲೇಬೇಕು," ಎಂದ ಇಂದುಧರ.

"ಅಷ್ಟು ವರ್ಷ ಇನ್ನೊಬ್ಬನ ದೋಣೀಲಿ ಬಿದ್ದಿದ್ದ ನೆರಳು ಕಣಯ್ಯ," ಎಂದರು ಸಾಹೇಬರು. "ಈಗ ತಂದ್ಕೊಟ್ರೆ ಅದು ಇವಳ ಕಾಲಿಗೆ ಅಂಟುತ್ತಾ?"

ಕೆಂಪರಾಜ ಇದಾವುದನ್ನೂ ಕೇಳಿಸಿಕೊಳ್ಳದೆ ಫೋನಿನಲ್ಲಿ ಸುದ್ದಿ ಓದುತ್ತಿದ್ದ. ಹದ್ದಿನ ಮಾರ್ಕಿನ ಕಂಪನಿಗೂ ಆಮೆ ಮಾರ್ಕಿನ ಕಂಪನಿಗೂ ದೊಡ್ಡ ಕೇಸು ನಡೆಯುತ್ತಿತ್ತು. "ಫೋನು ಗಡಿಯಾರಕ್ಕೆಲ್ಲ ಹಾಕೋ ಹದ್ದಿನವ್ರ ಚಿಪ್ಪನ್ನ ಆಮೆಯವ್ರು ಕದ್ದವ್ರಂತೆ," ಎಂದ. ಬನ್ನನ್ನು ಟೀಯಲ್ಲಿ ಅದ್ದಿಕೊಂಡ. "ಕದ್ದಿರ್ತಾರೆ ಬಿಡು. ಕದ್ದ ಮಾಲು, ನಡೀಬಾರ್ದು ಅಷ್ಟೇ."

ನನ್ನ ಕೈಯಲ್ಲಿದ್ದ ಸೌಟು ನಿಂತಿತು. ಇಂದುಧರನ ಬಾಯಿಂದ ದಿನಾ ಬರುವ ಮಾತು ಇನ್ನೂ ಬಂದಿರಲಿಲ್ಲ. ಅವನು ಸಾಹೇಬರ ಕಡೆಗೇ ಬೆರಳು ಎತ್ತಿ ಹಿಡಿದಿದ್ದ, ಕಣ್ಣು ಎಲ್ಲೋ ಇತ್ತು. "ಹೂಂ ಹೂಂ, ಅದಿರ್ಲಿ," ಎಂದ. "ನೆರಳು ಅಂದ್ರೆ ಏನು ಅಂದ್ಕೊಂಡಿದ್ದೀರಿ ನೀವು?"

ನಾನು ಒಳಗಿನಿಂದ, "ಹಂಗೇನಿಲ್ಲ, ಹಂಗೇನಿಲ್ಲ," ಎಂದು ಕೂಗಿಕೊಂಡೆ. ಆದರೆ ಒಲೆಯ ಹಿಂದೆ ನಿಂತವಳ ಮಾತಿಗೆ ಬೆಂಚಿನಲ್ಲಿ ಬೆಲೆಯಿಲ್ಲ. ಕೆಂಪರಾಜ ಲೋಟ ಕೆಳಗಿಟ್ಟ. ಬೀದಿಯ ಆಚೆ ಅವನ ಅಂಗಡಿಯಲ್ಲಿ ಗಂಟೆಗೊಮ್ಮೆ ಹೊತ್ತು ಹೇಳುವ, ಆಮೆ ಮಾರ್ಕಿನ ಮಾತಿನ ಗಡಿಯಾರವೊಂದಿತ್ತು. ಅದು ಹೊತ್ತು ಹೇಳಲು ಶುರು ಮಾಡಿ ಅರ್ಧಕ್ಕೇ ನಿಂತಿತು.

ಮೊದಲು ಎಲ್ಲರೂ ನಕ್ಕರು. ಕೆಂಪರಾಜ, "ನನ್ ಅಂಗಡೀಗೆ ನಾನೇ ಬೆಂಕಿ ಇಟ್ಕೊಂಡ್ನಲ್ಲಪ್ಪ," ಎಂದು ಹಣೆ ಬಡಿದುಕೊಂಡ. ಆಮೆ ಮಾರ್ಕಿನ ಫೋನಿದ್ದವರೆಲ್ಲ ಬೀದಿಗೆ ಬಂದು ಇಂದುಧರನಿಗೆ ಚೆನ್ನಾಗಿ ಬೈದರು. ಎದುರುಬಾಯಿಯೇ ಹೂಂ ಅಂದನಂತೆ ಎಂಬುದು ಕೆಲವು ದಿನದ ತಮಾಷೆ ಎಂದುಕೊಂಡರು. ಇಂದುಧರನೂ ನಾಚಿಕೆಯಿಂದ ತಲೆ ಕೆರೆದುಕೊಂಡು ನಗುತ್ತಿದ್ದ. ಅಷ್ಟರಲ್ಲಿ ಹೋಟೆಲಿನ ಹಿಂದಿನಿಂದ ಒಂದು ಕೂಗು ಬಂತು. ಕಿವಿ ಬರುವ ಮೊದಲಿನ, ಎತ್ತರದ, ಅಂಕೆಯಿಲ್ಲದ ದನಿ. ಮಂಗಳ ಹಿಟ್ಟಿನ ಕೈಯಲ್ಲೇ ಓಡಿಬಂದು ಬೆಂಚಿನ ಮುಂದೆ ನಿಂತಳು.

"ರೀ," ಎಂದಳು, "ಕೊಡಪಾನ ಬಿತ್ತು, ಸದ್ದೇ ಆಗ್ಲಿಲ್ಲ. ಏನಾದ್ರೂ ಮಾತಾಡಿ ನೋಡೋಣ." ಇಂದುಧರನ ತುಟಿ ಅಲ್ಲಾಡಿತು. ಅವಳು ಅದನ್ನೇ ನೋಡುತ್ತ ನಿಂತಳು, ಆಮೇಲೆ ನೆಲ ನೋಡಿದಳು.

ದಸ್ತಗೀರ್ ಸಾಹೇಬರು ಕಿವಿಯ ಹಿಂದಿನ ತುಣುಕನ್ನು ಬಿಚ್ಚಿ ಭೂತಗನ್ನಡಿ ಇಟ್ಟು ನೋಡಿದರು. ಆಸ್ಪತ್ರೆಯ ಹೆಸರಿನ ಮುಚ್ಚಳದ ಕೆಳಗೆ, ಸಾಸಿವೆ ಕಾಳಿನಷ್ಟು ಸಣ್ಣದಾಗಿ, ಒಂದು ಆಮೆಯಿತ್ತು. ಅವರು ಅದನ್ನು ಇಂದುಧರನ ಅಂಗೈಗಿಟ್ಟರು.

ನಮ್ಮ ಬೆಂಚಿನಿಂದ ಕೆಟ್ಟದ್ದು ಊರಾಚೆ ಒಯ್ದರೂ ಕೆಟ್ಟದ್ದೇ. ಇಂದುಧರ ಅವಳನ್ನು ಕರೆದುಕೊಂಡು ಅದೇ ಆಸ್ಪತ್ರೆಗೆ ಹೋದ. ಡಾಕ್ಟರರು ಎಲ್ಲ ಪರೀಕ್ಷೆ ಮಾಡಿ, ಮಿಷನ್ ಸರಿಯಾಗಿಯೇ ಇದೆ, ಯಾಕೆ ಸುಮ್ಮನಾಗಿದೆಯೋ ತಿಳಿಯುತ್ತಿಲ್ಲ ಎಂದರಂತೆ. ಒಳಗಿನದನ್ನು ತೆಗೆದು ಬೇರೆ ಹಾಕೋಣವೆಂದರೆ ಅವಳ ಮೂಳೆ ಇನ್ನೊಂದು ಸಲ ತಡೆಯುವುದಿಲ್ಲ. ಬೆಂಚಿನ ಸಂಗತಿಯನ್ನು ಅವರಿಗೆ ಹೇಳುವುದು ಹೇಗೆ? ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿ ಬಂದರು.

ಇನ್ನು ಉಳಿದದ್ದು ಒಂದೇ ದಾರಿ. ಅದೇ ಬೆಂಚಿನ ಮೇಲೆ ಯಾರಾದರೂ ಆಮೆಯವರ ಪರವಾಗಿ ಒಂದು ಹಗುರ ಮಾತು ಆಡಬೇಕು. ಎಷ್ಟು ಸುಲಭ ಅಲ್ಲವೇ? ಇಂದುಧರ ತಾನಾಗಿಯೇ ಎದುರುಬಾಯಿಯ ಜಾಗ ಬಿಟ್ಟುಕೊಟ್ಟ. ದಸ್ತಗೀರ್ ಸಾಹೇಬರು ಅಲ್ಲಿ ಕೂತರು. ಆಮೆಯ ಪರ ಯಾರು ಏನೇ ಹೇಳಿದರೂ ಸಾಹೇಬರು ತುಟಿ ಎರಡು ಮಾಡುವುದಿಲ್ಲ ಎಂದು ಮಾತಾಯಿತು. ಆಮೇಲೆ ಒಬ್ಬೊಬ್ಬರಾಗಿ ಬಂದು ಕೂತು ಹೇಳತೊಡಗಿದರು. "ಆಮೆಯವ್ರೇನೂ ಕದ್ದಿಲ್ಲಪ್ಪ," ಎನ್ನುವುದು, ಟೀ ಗುಟುಕರಿಸುವುದು, ಕಣ್ಣಂಚಿನಲ್ಲಿ ಮಂಗಳಳ ಮನೆಯ ಕಡೆ ನೋಡುವುದು. ಆ ನೋಟದಲ್ಲೇ ಎಲ್ಲ ಕೆಟ್ಟುಹೋಗುತ್ತಿತ್ತು. ಗೊತ್ತಿಲ್ಲದ ಲಾರಿ ಡ್ರೈವರೊಬ್ಬನನ್ನು ಕೂರಿಸಿ ಟೀ ಕೊಡಿಸಿದರು. ಅವನು ಪಾಪ, ಕೇಳಿದ್ದಕ್ಕೆ, "ಆಮೆ ಒಳ್ಳೇದೇ, ನಮ್ಮನೇಲೂ ಅದೇ ಇರೋದು," ಎಂದು ಸಲೀಸಾಗಿ ಹೇಳಿ ಹೋದ. ಆದರೆ ಅವನು ನಮ್ಮೂರಿನವನಲ್ಲ. ಕೆಂಪರಾಜ ತಪ್ಪು ತನ್ನದೆಂದು ಒಳಗೊಳಗೇ ಬೇಯುತ್ತಿದ್ದ. ಕುಡಿದರೆ ಮಾತು ಹಗುರಾಗುತ್ತದೆಂದು ಹಗಲಲ್ಲೇ ಕುಡಿದು ಬಂದು ಬೆಂಚಿನ ಮೇಲೆ ಕೂತ. ಕೂತವನು 'ಆಮೆ' ಎಂದಷ್ಟೇ ಹೇಳಿ ಹೋ ಎಂದು ಅತ್ತುಬಿಟ್ಟ. ಮಂಗಳ ಎಲ್ಲರಿಗೂ ಬೇಕಾದವಳು. ಅವಳ ಕಿವಿಯ ವಿಷಯದಲ್ಲಿ ಉಡಾಫೆಯಾಗಿರಲು ಊರಲ್ಲಿ ಒಬ್ಬನಿಗೂ ಆಗಲಿಲ್ಲ. ನಮ್ಮ ಒಳ್ಳೆಯತನವೇ ನಮ್ಮ ಕೈ ಕಟ್ಟಿಹಾಕಿತ್ತು.

ಮಂಗಳ ಮಾತ್ರ ದಿನಾ ಬೆಳಗ್ಗೆ ಆ ತುಣುಕನ್ನು ಚಾರ್ಜಿಗಿಟ್ಟು, ಒರೆಸಿ, ಕಿವಿಯ ಹಿಂದೆ ಹಾಕಿಕೊಳ್ಳುತ್ತಿದ್ದಳು. "ಯಾವಾಗ ಯಾರ ಬಾಯಿಂದ ಬರುತ್ತೋ ಅಕ್ಕ," ಎನ್ನುತ್ತಿದ್ದಳು. ಪುಸ್ತಕ ಬಸ್ ಟಿಕೆಟಿನ ಸಮೇತ ಹಾಗೇ ಗೂಡಿನಲ್ಲಿತ್ತು. ಊರೆಲ್ಲ ಕಥೆಯ ಕೊನೆ ಓದಿ ಮುಗಿಸಿ, ಬೈದು, ಮರೆತಿತ್ತು. ಯಾರಾದರೂ ಅವಳ ಮುಂದೆ ರಾಣಿಯ ಹೆಸರೆತ್ತಿದರೆ ಅವಳು ಅವರ ತುಟಿ ಕಾಣದ ಹಾಗೆ ಮುಖ ಪಕ್ಕಕ್ಕೆ ತಿರುಗಿಸಿಕೊಳ್ಳುತ್ತಿದ್ದಳು. ತಾನೇ ಓದಿಕೊಳ್ಳಬಹುದಲ್ಲ ಎಂದು ನಾನೊಮ್ಮೆ ಕೈಸನ್ನೆ ಮಾಡಿದೆ. "ಅದು ಅವರು ಓದಬೇಕಾದ್ದು," ಎಂದಳು.

ಇಂದುಧರನಿಗೆ ಆ ಯೋಚನೆ ಯಾವಾಗ ಹೊಳೆಯಿತೋ ನನಗೆ ತಿಳಿಯದು. ಒಂದು ದಿನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಒಳಗೆ ಬಂದು ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಮರೀಬೇಕು ಅಕ್ಕ," ಎಂದ. "ಊರವರ ಕೈಲಿ ಆಗಲ್ಲ. ನಾನೇ ಮರೀಬೇಕು. ಅವಳಿಗೆ ಕೇಳಿಸಿದ್ರೆಷ್ಟು ಬಿಟ್ರೆಷ್ಟು ಅನ್ನೋ ಹಂಗೆ ಆಗಬೇಕು ನನಗೆ. ಆಗ ಬಾಯಿಂದ ಬಂದದ್ದು ನಿಲ್ಲುತ್ತೆ."

"ಮರೆತೋನ ಮಾತು ಕೇಳೋದಕ್ಕೆ ಅವಳಿಗೆ ಕಿವಿ ಯಾಕೆ ಬೇಕಯ್ಯ?" ಎಂದೆ.

"ಒಂದ್ಸಲ ಕಿವಿ ಬಂದ್ಬಿಡ್ಲಿ, ಆಮೇಲೆ ಮತ್ತೆ ನೆನಪು ಮಾಡ್ಕೊಂಡ್ರಾಯ್ತು." ಗುಡಿಗೆ ಹೋಗುವಾಗ ಚಪ್ಪಲಿ ಬಿಟ್ಟು, ಬರುವಾಗ ಹಾಕಿಕೊಂಡಂತೆ ಎಂದುಕೊಂಡಿದ್ದ.

ಅವನ ಯೋಚನೆ ಮಂಗಳಳಿಗೆ ಗೊತ್ತಾಗದೆ ಇರಲಿಲ್ಲ. ತುಟಿ ಓದುವವಳಿಗೆ ಮುಖ ಓದುವುದು ಕಷ್ಟವೇ? ಒಮ್ಮೆ ಹಿತ್ತಲಿನಲ್ಲಿ ಬಟ್ಟೆ ಹರವುತ್ತಿದ್ದಾಗ ಅವನ ತೋಳು ಹಿಡಿದು ನಿಲ್ಲಿಸಿದಳು. ಅವಳದು ಜೋರು ದನಿಯಾದ್ದರಿಂದ ನನಗೆ ಎಲ್ಲ ಕೇಳಿಸಿತು. "ಯಾರಾದ್ರೂ ಹೇಳ್ಲಿ, ಬೇಡ ಅನ್ನಲ್ಲ. ನೀವು ಮಾತ್ರ ಹೇಳ್ಬೇಡಿ. ನಿಮ್ಮ ಬಾಯಿಂದ ಬಂದು ಅದು ನಡೆದುಹೋದ್ರೆ ನಾನು ಅದನ್ನ ಹೇಗೆ ತಡ್ಕೊಳ್ಳಲಿ?" ಇಂದುಧರ ಅವಳ ಕಣ್ಣು ತಪ್ಪಿಸಿ ಬಟ್ಟೆ ಹಿಂಡುತ್ತಲೇ ಇದ್ದ.

ಅವನು ಮರೆಯಲು ಕಲಿತ. ಬೇರೆಯವರು ವಿದ್ಯೆ ಕಲಿಯುವ ಹಾಗೆ ಶ್ರದ್ಧೆಯಿಂದ ಕಲಿತ. ಮೊದಲು ಸಂಜೆ ಮನೆಗೆ ಹೋಗುವುದನ್ನು ತಡ ಮಾಡಿದ. ಆಮೇಲೆ ಅವಳೆದುರು ಮಾತಾಡುವಾಗ ಮುಖ ತಿರುಗಿಸಿ ಮಾತಾಡಿದ, ತುಟಿ ಕಾಣದಂತೆ. ಊಟಕ್ಕೂ ಹೋಟೆಲಿನಲ್ಲೇ ಕೂರತೊಡಗಿದ. ನಾನು ಬಡಿಸುವುದಿಲ್ಲ ಎಂದೆ. ಬಸ್‌ಸ್ಟ್ಯಾಂಡಿನಲ್ಲಿ ತಿಂದುಕೊಂಡು ಬಂದ. ಮೊದಮೊದಲು ಎಲ್ಲ ನಾಟಕವೇ ಆಗಿತ್ತು. ಬೆಂಚಿನ ಮೇಲೆ ಜೋರಾಗಿ ನಗುತ್ತಿದ್ದವನ ಹೆಬ್ಬೆರಳು ಲೋಟದ ಅಂಚನ್ನು ಉಜ್ಜುತ್ತಲೇ ಇರುತ್ತಿತ್ತು. ಆಗಾಗ, "ಆಮೆಯವ್ರದ್ದೇನು ತಪ್ಪು," ಎಂದು ಎಸೆದು ನೋಡುತ್ತಿದ್ದ. ಕೆಂಪರಾಜನ ಗಡಿಯಾರ ಉಸಿರೆತ್ತುತ್ತಿರಲಿಲ್ಲ. ಅವತ್ತೆಲ್ಲ ಅವನ ಮುಖ ಸೋತುಹೋಗಿರುತ್ತಿತ್ತು, ನನಗೆ ಮಾತ್ರ ಹೋದ ಜೀವ ಬಂದಂತಾಗುತ್ತಿತ್ತು. ಗಡಿಯಾರ ಸುಮ್ಮನಿದೆ ಎಂದರೆ ಇವನ ಎದೆಯಲ್ಲಿ ಅವಳು ಇನ್ನೂ ಇದ್ದಾಳೆ ಎಂದು ಲೆಕ್ಕ. ಕಿವುಡಾಗಿದ್ದ ಮಂಗಳಳಿಗೂ ಅದೇ ಸಮಾಧಾನ ಇತ್ತೆಂದು ನನಗನ್ನಿಸುತ್ತದೆ.

ವರ್ಷಗಳು ಹೋದವು. ಯಾವಾಗಿನಿಂದಲೋ ಅವನ ಹೆಬ್ಬೆರಳು ಲೋಟ ಉಜ್ಜುವುದನ್ನು ನಿಲ್ಲಿಸಿತ್ತು. ಯಾವ ದಿನದಿಂದ ಎಂದು ನಾನು ಗಮನಿಸಲಿಲ್ಲ. ಆಮೆಯ ಮಾತು ಎಸೆದು ನೋಡುವುದನ್ನೂ ಅವನು ಬಿಟ್ಟಿದ್ದ. ನಾಟಕ ಸಾಕಾಯಿತೇನೋ ಎಂದು ನಾನು, ಬೆಪ್ಪಿ, ಸಂತೋಷಪಟ್ಟೆ. ಈಗ ಅವನು ಸಲೀಸಾಗಿ ಎಲ್ಲದರ ಬಗ್ಗೆಯೂ ಹರಟುತ್ತಿದ್ದ, ಮೈ ಬಂದಿತ್ತು, ಮಧ್ಯಾಹ್ನ ಬೆಂಚಿನ ಮೇಲೇ ಒರಗಿ ನಿದ್ದೆ ತೆಗೆಯುತ್ತಿದ್ದ. ಊರಿನವರು ಮಾತ್ರ ಇನ್ನೂ ಮರೆತಿರಲಿಲ್ಲ. ಕೆಂಪರಾಜ ಆಗಲೂ ಮಂಗಳ ಎದುರಾದರೆ ಬೀದಿಯ ಆಚೆ ಬದಿಗೆ ಹೋಗುತ್ತಿದ್ದ.

ಒಂದು ದಿನ ಬೆಳಗ್ಗೆ ಸುದ್ದಿ ತಂದವನೂ ಕೆಂಪರಾಜನೇ. 'ನೆರಳಿಲ್ಲದ ರಾಣಿ' ಸಿನಿಮಾ ಆಗುತ್ತದಂತೆ. ಬೆಂಚಿನ ಮೇಲೆ ಒಳ್ಳೆಯ ಜಗಳವೇ ಹತ್ತಿಕೊಂಡಿತು. ಹಾರುವ ಮೊಸಳೆಯನ್ನು ಹೇಗೆ ತೋರಿಸುತ್ತಾರೆ, ದೋಣಿಯವನ ಪಾತ್ರಕ್ಕೆ ಎಂಥ ಆಳು ಬೇಕು. ಇಂದುಧರ ಕಾಲ ಮೇಲೆ ಕಾಲು ಹಾಕಿ, "ಅಯ್ಯೋ ಬಿಡ್ರಿ, ಆ ಕಥೆಯೇ ಒಂದು ಗೋಳು. ಒಂದು ನೆರಳಿಗೆ ಅಷ್ಟೊಂದು ಪುಸ್ತಕ ಬೇಕಾ?" ಎಂದ. ಸಾಹೇಬರು ಎದುರುಬಾಯಿಯ ಕೆಲಸ ಮಾಡಿ, "ಹಂಗೇನಿಲ್ಲ," ಎಂದರು. ಎಲ್ಲರೂ ನಕ್ಕರು. ಆಮೇಲೆ ಕೆಂಪರಾಜ ದನಿ ತಗ್ಗಿಸಿ, ಯಾರ ಮುಖವನ್ನೂ ನೋಡದೆ, "ಹದ್ದು ಆಮೆ ಕೇಸು ಮುಗೀತಂತೆ. ಹದ್ದಿನವ್ರೇ ಗೆದ್ರು," ಎಂದ.

ಇಂದುಧರ ಆಕಳಿಸಿದ. ಬಾಯಿ ಪೂರ್ತಿ ತೆರೆದು, ಕಣ್ಣಲ್ಲಿ ನೀರು ಬರುವಷ್ಟು ಉದ್ದದ ಆಕಳಿಕೆ. "ಗೆದ್ರೇನಾಯ್ತು," ಎಂದ. "ಆಮೆಯವ್ರೇನೂ ಕದ್ದಿರ್ಲಿಲ್ಲ ಬಿಡು. ದಾಕ್ಷಾಯಣಕ್ಕ, ಬನ್ನು ಬಿಸಿ ಇದ್ಯಾ?" ಲೋಟ ಕೆಳಗಿಟ್ಟ.

ಬೀದಿಯ ಆಚೆ ಕೆಂಪರಾಜನ ಗಡಿಯಾರ ಮಾತಾಡಿತು. ಅದ್ಯಾವುದೋ ವರ್ಷ ಅರ್ಧಕ್ಕೆ ನಿಲ್ಲಿಸಿದ್ದ ಹೊತ್ತನ್ನು ಪೂರ್ತಿ ಮಾಡಿ ಹೇಳಿತು. ಸಾಹೇಬರು ಮೆಲ್ಲಗೆ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಇಂದುಧರ ಮಾತ್ರ ಬನ್ನಿಗೆಂದು ಚಾಚಿದ ಕೈಯನ್ನು ಹಾಗೇ ಹಿಡಿದು ನನ್ನನ್ನು ನೋಡಿದ. ಅವನ ಮುಖ ಬಿಳಿಚಿಕೊಳ್ಳುವುದನ್ನು ನಾನು ನೋಡಿದೆ.

ಮಂಗಳ ಓಡಿಯೇ ಬಂದಳು. ಆ ವಯಸ್ಸಿನ ಹೆಂಗಸು ಹಾಗೆ ಓಡಿದ್ದನ್ನು ನಾನು ಕಂಡಿಲ್ಲ. ನಗುತ್ತಿದ್ದಳು, ಅಳುತ್ತಿದ್ದಳು, ಎರಡು ಕೈಯಲ್ಲೂ ಕಿವಿ ಮುಚ್ಚಿ ತೆಗೆದು ಮಾಡುತ್ತಿದ್ದಳು. "ಬಂತು ಅಕ್ಕ, ಬಂತು. ಒಲೆ ಮೇಲೆ ಅನ್ನ ಕುದಿಯೋದು ಕೇಳಿಸ್ತು. ಯಾರು ಹೇಳಿದ್ದು? ಯಾರು ಆ ಪುಣ್ಯಾತ್ಮ? ಕಾಲಿಗೆ ಬೀಳ್ತೀನಿ, ಹೇಳಿ."

ಕೆಂಪರಾಜ ತಾನೇ ಹೇಳಿದ್ದು ಎನ್ನುತ್ತಾನೇನೋ, ಒಂದು ಸುಳ್ಳು ಹೇಳಿಬಿಡುತ್ತಾನೇನೋ ಎಂದು ಆಸೆಪಟ್ಟೆ. ಆದರೆ ಅವನ ಕಣ್ಣು ತಾನಾಗಿಯೇ ಇಂದುಧರನ ಕಡೆ ಹೋಯಿತು, ಸಾಹೇಬರದೂ ಹೋಯಿತು. ಮಂಗಳ ಅವರ ಕಣ್ಣು ಹೋದ ಕಡೆ ನೋಡಿದಳು. ಈ ಊರಲ್ಲಿ ಹುಟ್ಟಿದವಳು. ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಿವಿಯ ಬಳಿ ಇದ್ದ ಕೈಗಳು ಕೆಳಗಿಳಿದವು.

"ನೀವಾ?" ಎಂದಳು. ಅವಳ ದನಿ ಈಗ ತಗ್ಗಿತ್ತು, ಕಿವಿಯಿದ್ದವರ ದನಿಯ ಹಾಗೆ.

ಇಂದುಧರ, "ಹಂಗೇನಿಲ್ಲ ಮಂಗಳಾ," ಎಂದ. "ಹಂಗೇನಿಲ್ಲ." ಎಷ್ಟೋ ವರ್ಷದ ಮೇಲೆ ಅವಳು ಕೇಳಿದ ಗಂಡನ ಮೊದಲ ಮಾತು ಅದು.

ಆ ಸಂಜೆ ಅವಳು ತಾನಾಗಿಯೇ ಗೂಡಿನಿಂದ ಪುಸ್ತಕ ತೆಗೆದು, ಧೂಳು ಹೊಡೆದು ಅವನ ಕೈಗೆ ಕೊಟ್ಟಳು. ನಾನು ಹಿತ್ತಲಿನಲ್ಲಿ ಪಾತ್ರೆ ಬೆಳಗುತ್ತ ಕೂತಿದ್ದೆ. ಏನಾದರೂ ಒಂದು ಉಳಿದಿರಬಹುದು ಎಂದು ನನಗೂ ಆಸೆ, ಅವಳಿಗೂ ಇತ್ತೆಂದು ಕಾಣುತ್ತದೆ. ಅವನು ಬಸ್ ಟಿಕೆಟ್ ತೆಗೆದು ಓದಿದ. ಕಿರಾಣಿ ಅಂಗಡಿಯವನು ಸಾಮಾನು ಕೂಗುತ್ತಾನಲ್ಲ, ಹಾಗೆ ಓದಿದ. ಮೊದಲ ವಾಕ್ಯಕ್ಕೆ ಅವಳ ಹೂಂ ಬಂತು, ಎರಡನೆಯದಕ್ಕೂ ಬಂತು. ಆಮೇಲೆ ತಡವಾಗಿ ಬಂತು. ಆಮೇಲೆ ಬರಲಿಲ್ಲ. ಅವನು ತಲೆ ಎತ್ತಿದಾಗ ಅವಳು ಕಿವಿಯ ಹಿಂದಿನ ತುಣುಕನ್ನು ಬಿಚ್ಚಿ ಸೀರೆಯ ಸೆರಗಿನಿಂದ ಒರೆಸುತ್ತಿದ್ದಳಂತೆ. ಒರೆಸಿ, ಗೂಡಿನಲ್ಲಿ ಪುಸ್ತಕವಿದ್ದ ಜಾಗದಲ್ಲಿ ಇಟ್ಟಳಂತೆ. ಮತ್ತೆ ಅದನ್ನು ಹಾಕಿಕೊಳ್ಳಲಿಲ್ಲ.

ನಾನು ಬಿಡಲಿಲ್ಲ. ಮಾರನೆಯ ದಿನ ಅವಳನ್ನು ಕೂರಿಸಿಕೊಂಡು, ತುಟಿ ಕಾಣುವ ಹಾಗೆ ನಿಧಾನಕ್ಕೆ ಬೈದೆ. ಅವಳು ನನ್ನ ಬೈಗುಳ ಮುಗಿಯುವವರೆಗೂ ಕಾದಳು. "ಕಿವುಡಿ ಆಗಿದ್ದಾಗ ದಿನಾ ಸಂಜೆ ಅವರ ದನಿ ನೆನಪು ಮಾಡ್ಕೊಂಡು ಕೂತಿರ್ತಿದ್ದೆ ಅಕ್ಕ," ಎಂದಳು. "ಆ ತೆಳ್ಳನೆ ದನಿ. ನಿನ್ನೆ ಕೇಳಿದ್ದು ಅದರ ಮೇಲೆ ಬಂದು ಕೂತ್ಬಿಟ್ಟಿದೆ. ಇನ್ನೂ ಕೇಳಿದ್ರೆ ಅದು ಪೂರ್ತಿ ಹೋಗ್ಬಿಡುತ್ತೆ."

ಇಂದುಧರ ಬೆಂಚಿಗೆ ಬರುವುದನ್ನು ಬಿಟ್ಟ. ಮರೆತದ್ದು ಅವನಿಗೆ ನೆನಪಾಯಿತೋ, ಇಲ್ಲ ಕಳೆದುಕೊಂಡದ್ದು ಏನೆಂದು ಈಗ ತಿಳಿಯಿತೋ, ನಾನು ಕೇಳಲು ಹೋಗಲಿಲ್ಲ. ಸಂಜೆಯಾದರೆ ಕಿಟಕಿಯ ಬಳಿ ಕೂತು ಓದುತ್ತಾನೆ. ಮೊದಲ ಭಾಗದಿಂದ ಶುರು ಮಾಡಿದ. ಅವಳು ಬೀದಿಯ ಕಡೆ ಮುಖ ಮಾಡಿ, ಅವನ ತುಟಿ ಕಾಣದ ಹಾಗೆ, ಅವರೆಕಾಯಿ ಸುಲಿಯುತ್ತ ಕೂತಿರುತ್ತಾಳೆ. ಅವನ ದನಿ ಹೇಗಿದೆ ಎಂದು ನಾನು ಹೇಳಲಾರೆ. ಆ ದನಿಯಲ್ಲಿ ಈಗ ಎಲ್ಲ ಇದೆ, ಮೊದಲಿಗಿಂತ ಹೆಚ್ಚೇ ಇದೆ. ರಾಣಿ ಅತ್ತಲ್ಲಿ ಅದು ಒಡೆಯುತ್ತದೆ, ದೋಣಿ ಮುಳುಗುವಲ್ಲಿ ನಿಂತೇ ಹೋಗುತ್ತದೆ. ಒಮ್ಮೊಮ್ಮೆ ಕೈಯಲ್ಲಿದ್ದ ಕೆಲಸ ಬಿಟ್ಟು ನಾನೂ ಅಳುತ್ತೇನೆ.

ಮೊನ್ನೆ ಕೊನೆಯ ಭಾಗದ ಕೊನೆಗೆ ಬಂದ. ನಾನು ಅವರ ಮನೆಗೆ ಹಾಲು ಕೊಡಲು ಹೋದವಳು ಕಿಟಕಿಯ ಹೊರಗೇ ನಿಂತೆ. ದೋಣಿಯವನು ನೆರಳನ್ನು ಬಿಡಿಸಿ ಮೆಟ್ಟಿಲ ಮೇಲೆ ಹಾಸಿದ. ರಾಣಿ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಅದರ ಮೇಲೆ ಕಾಲಿಟ್ಟಳು, ಅದು ಅಂಟಿಕೊಂಡಿತು, ಇಬ್ಬರೂ ಜೊತೆಯಾಗಿ ಮೆಟ್ಟಿಲು ಹತ್ತಿ ಹೋದರು. ಅಷ್ಟೇ ಕಥೆ. ಇಂದುಧರ ಪುಸ್ತಕ ಮುಚ್ಚಿ ಅವಳ ಬೆನ್ನನ್ನು ನೋಡಿದ.

"ತಗೊಂಡ್ಲು ನೋಡು ಮಂಗಳಾ," ಎಂದ. "ನಾನು ಅವತ್ತೇ ಹೇಳಿರ್ಲಿಲ್ವಾ? ಕೇಳಿಸ್ತಾ?"

ಅವಳು ಸುಲಿದ ಸಿಪ್ಪೆಯನ್ನು ಮೊರದಿಂದ ಆಚೆಗೆ ಸರಿಸಿದಳು. ಇಂದುಧರ ಕಾಯುತ್ತಲೇ ಇದ್ದ. ಕಿಟಕಿಯ ಹೊರಗೆ ಹಾಲಿನ ಚೊಂಬು ಹಿಡಿದು ನಿಂತಿದ್ದ ನಾನೇ, ಅವನಿಗೆ ಕೇಳದಷ್ಟು ಮೆಲ್ಲಗೆ, ಹೂಂ ಎಂದೆ.